ಭಜನೆಯ ನಡುವೆ ನಾನು ಕೂಗಿದ್ದು

ನನಗೆ ಸಾವು ಗೊತ್ತಾದದ್ದು ಬಿಸಿನೀರಿನಿಂದ. ಹೀಗೆ ಹೇಳಿದರೆ ನನ್ನ ಗಂಡ ನಗುತ್ತಾನೆ, ನಗಲಿ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿತ್ತು, ಅದರ ಒಲೆಯ ಮೇಲೊಂದು ತಾಮ್ರದ ಹಂಡೆ. ಬೆಳಿಗ್ಗೆ ಒಂದು ಸಲ ಉರಿ ಹಾಕಿದರೆ ಆ ಒಲೆಯ ಕೆಲಸ ಮುಗಿಯಿತು. ಶಾಲೆಯಿಂದ ಬಂದಾಗ ಹಂಡೆಯ ಕೆಳಗೆ ಮತ್ತೆ ಬೆಂಕಿ ಕಂಡರೆ ಊರಲ್ಲಿ ಯಾರೋ ಹೋಗಿದ್ದಾರೆ, ಅಪ್ಪ ಅಲ್ಲಿ ಭಜನೆಗೆ ಕುಳಿತಿದ್ದಾನೆ, ಮಣ್ಣು ಮುಗಿಸಿ ಹಿತ್ತಲ ಬಾಗಿಲಿನಿಂದ ಬರುತ್ತಾನೆ ಎಂದು ತಿಳಿದುಕೊಳ್ಳಬೇಕು. ಸ್ನಾನ ಆಗುವವರೆಗೆ ಅವನನ್ನು ಮುಟ್ಟುವಂತಿರಲಿಲ್ಲ. ನಾನು ಟವೆಲ್ಲನ್ನು ಕಲ್ಲಿನ ಮೇಲಿಟ್ಟು ದೂರ ನಿಂತು, ಯಾರು ಹೋದದ್ದು, ಎಷ್ಟು ವಯಸ್ಸು, ಯಾವ ಪದ ಹಾಡಿದೆ ಎಂದು ಕೇಳುತ್ತಿದ್ದೆ. ಬೇರೆ ಮಕ್ಕಳ ಅಪ್ಪಂದಿರು ಮನೆಗೆ ಬರುವಾಗ ಮಂಡಕ್ಕಿ ಮಿರ್ಚಿ ತರುತ್ತಿದ್ದರು. ನಮ್ಮಪ್ಪ ಸಾವಿನ ಸುದ್ದಿ ತರುತ್ತಿದ್ದ.

ಅಪ್ಪನ ಕಸುಬು ಹೊಲಿಗೆ. ಕೊಟ್ರಪ್ಪ ಟೇಲರ್ ಎಂದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಮನೆಯ ಪಡಸಾಲೆಯೇ ಅಂಗಡಿ. ಬಾಗಿಲಿಗೆ ಮುಖಮಾಡಿ ಮಷೀನು, ಅದರ ಮೇಲೆ ಮುಚ್ಚುವ ಮರದ ಡಬ್ಬಿ, ಗೋಡೆಯ ಗೂಟಕ್ಕೆ ಅರ್ಧ ಹೊಲಿದ ಜುಬ್ಬಾಗಳು. ಕರೆ ಬಂತೆಂದರೆ ಸೂಜಿ ಬಟ್ಟೆಯಲ್ಲೇ ಇರುತ್ತಿತ್ತು, ಅಪ್ಪ ಹೊರಟಿರುತ್ತಿದ್ದ. ಪೇಟಿ ಬಾರಿಸಲು ಬಸಣ್ಣ ತಾತ, ತಬಲಾಕ್ಕೆ ವೆಲ್ಡಿಂಗ್ ಅಂಗಡಿಯ ಹುಸೇನಪ್ಪ, ತಾಳಕ್ಕೆ ಯಾರು ಸಿಕ್ಕರೆ ಅವರು. ನಮ್ಮವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯುವವರೆಗೂ ಅದರ ಎದುರಿಗೆ ಭಜನೆ ನಡೆಸಬೇಕು. ಅಪ್ಪ ಮೊದಲು ಆ ಮುಖವನ್ನು ಚೆನ್ನಾಗಿ ನೋಡುತ್ತಿದ್ದ, ಆಮೇಲೆ ಪದ ಆರಿಸುತ್ತಿದ್ದ. ಮುದುಕರಿಗೊಂದು, ಬಾಣಂತಿಗೊಂದು, ಕುಡಿದು ಕುಡಿದು ಸತ್ತವನಿಗೂ ಒಂದು. ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇದಕ್ಕೆಲ್ಲ ಒಂದು ಕಟ್ಟಳೆಯಿತ್ತು. ಸತ್ತವರ ಮನೆಯವರು ಹಾಡಬಾರದು; ಅವರು ಅಳಬೇಕು, ಹಾಡುವುದು ಊರವರ ಕೆಲಸ. ಅಪ್ಪನ ಅವ್ವ, ಅಂದರೆ ನಮ್ಮ ಅಜ್ಜಿಗೆ ಈ ಕಟ್ಟಳೆ ಕಂಡರೆ ಆಗುತ್ತಿರಲಿಲ್ಲ. ಅಕ್ಕಿ ಹಸನು ಮಾಡುತ್ತ ಕುಳಿತಾಗೆಲ್ಲ ಅದನ್ನೇ ತೆಗೆಯುತ್ತಿದ್ದಳು.

"ಊರ ಹೆಣಕ್ಕೆಲ್ಲ ನನ್ನ ಮಗ ಹಾಡ್ತಾನ. ನಾ ಸತ್ತಾಗ ಮಾತ್ರ ಬಾಯಿ ಮುಚ್ಚಿಕೊಂಡು ಕುಂದ್ರಬೇಕಂತ. ಇದೆಂಥಾ ನ್ಯಾಯನವ್ವ ಪೂರ್ಣಿ?"

"ಬಸಣ್ಣ ತಾತ ಹಾಡ್ತಾನಲ್ಲ ಅಜ್ಜಿ."

"ಅವನಿಗೆ ಶ್ರುತಿ ಎಲ್ಲೈತಿ? ಹೋಗ್ಲಿ ಬಿಡು, ಮನುಷ್ಯಾ ಅಂತೂ ಹೌದು."

ಅಪ್ಪನ ತಮ್ಮ ವೀರೇಶ ಕಾಕ ಆಗ ಮದುವೆಯಾಗದೆ ನಮ್ಮ ಜೊತೆಗೇ ಇದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಕ್ಯಾಸೆಟ್ ಅಂಗಡಿ. ಶನಿವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗುತ್ತಿದ್ದೆ. ಕಂಪ್ಲಿ ಕಡೆಯ ರೈತರೊಬ್ಬರು ಬಂದರೆ ಒಂದು ಕ್ಯಾಸೆಟ್ಟಿಗೆ ಅರ್ಧ ದಿನ ಹಿಡಿಯುತ್ತಿತ್ತು. ಮೇಲಿನ ಫೋಟೋ ನೋಡಬೇಕು, ಒಂದು ಮಗ್ಗಲು ಹಾಕಿಸಿ ಕೇಳಬೇಕು, ಹೋಗಿ ಚಹಾ ಕುಡಿದು ಬಂದು ಇನ್ನೊಂದು ಮಗ್ಗಲು ಕೇಳಬೇಕು, ಕೊನೆಗೆ ಮುಂದಿನ ವಾರ ಬರ್ತೀನಿ ಎಂದು ಎದ್ದು ಹೋಗಬೇಕು. ಕಾಕ ಅವರ ಬೆನ್ನಿಗೆ ಕೈಮುಗಿದು ನಗುತ್ತಿದ್ದ. ಆದರೆ ಅವರು ಮುಂದಿನ ವಾರ ಬರುತ್ತಿದ್ದರು. ಆಮೇಲೆ ಅಂಗಡಿಗೆ ಕಂಪ್ಯೂಟರ್ ಬಂತು, ಕ್ಯಾಸೆಟ್ಟುಗಳೆಲ್ಲ ಗೋಣಿಚೀಲ ಸೇರಿದವು. 'ಹಾಡು ಡೌನ್‌ಲೋಡ್ ಮಾಡಿಕೊಡಲಾಗುವುದು' ಎಂದು ಕಾಕ ಬೋರ್ಡು ಬರೆಸಿದ. ಸಂಡೂರಿನಿಂದ ಅದಿರು ತುಂಬಿಕೊಂಡು ಬರುವ ಲಾರಿ ಡ್ರೈವರುಗಳು ಮೈತುಂಬ ಕೆಂಪು ಧೂಳಿನಲ್ಲಿ ಬಂದು, ಮೊಬೈಲಿನ ಹೊಟ್ಟೆ ಬಿಚ್ಚಿ ಬೆರಳುಗುರಿನಷ್ಟು ಸಣ್ಣ ಕಾರ್ಡು ತೆಗೆದು ಕೊಡುತ್ತಿದ್ದರು. ಒಂದು ದಿನ ಕಾಕ ಒಬ್ಬನನ್ನು ಕೇಳಿದ್ದು, ಅವನು ಉತ್ತರ ಕೊಟ್ಟದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

"ಯಾವ ಹಾಡು ಹಾಕ್ಲಿ?"

"ಯಾವರ ಹಾಕ್ರಿ. ಜಾಗ ಇರೋಮಟ ತುಂಬ್ರಿ. ಜಲ್ದಿ ಮಾಡ್ರಿ, ಗಾಡಿ ನಿಲ್ಲಿಸಿ ಬಂದೀನಿ."

ನಾನು ಬೆಕ್ಕಸಬೆರಗಾದೆ. ಯಾವ ಹಾಡು ಎಂದು ಕೇಳದೆ ಹಾಡು ಕೊಳ್ಳುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮನೆಗೆ ಓಡಿ ಬಂದು ಅಜ್ಜಿಗೆ ಹೇಳಿದೆ. ಸಾವಿರ ಹಾಡು ಅಷ್ಟು ಸಣ್ಣದರಲ್ಲಿ ಹಿಡಿಯುತ್ತವೆ ಎಂದು ಅವಳು ನಂಬಲಿಲ್ಲ. ನಂಬಿದ ಮೇಲೆ ಇನ್ನೂ ಗಾಬರಿಯಾದಳು.

"ಚೀಲಕ್ಕ ಜ್ವಾಳ ತುಂಬಿದಂಗ ತುಂಬ್ತಾರನ? ಯಾವಾಗ ಕೇಳ್ತಾರ ಅಷ್ಟನ್ನ? ಅವರಿಗೆ ಬ್ಯಾರೆ ಕೆಲಸ ಇಲ್ಲನ?"

ಅಪ್ಪನ ಭಜನೆಯನ್ನು ರೆಕಾರ್ಡ್ ಮಾಡೋಣ ಎಂದವನು ಕಾಕನೇ. ಅದರಲ್ಲಿ ವ್ಯಾಪಾರದ ಯೋಚನೆ ಇರಲಿಲ್ಲ, ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಅಣ್ಣನ ದನಿಯ ಮೇಲೆ ಅವನಿಗೆ ಅಷ್ಟು ಆಸೆ. ಒಂದು ಭಾನುವಾರ ಬೆಳಿಗ್ಗೆ ಪಡಸಾಲೆಯ ಬಟ್ಟೆಗಳನ್ನೆಲ್ಲ ಸರಿಸಿ ಜಮಖಾನ ಹಾಸಿ, ಮೈಕು ಇಟ್ಟ. ಪೇಟಿ ಬಂತು, ತಬಲಾ ಬಂತು. ಎಲ್ಲ ಬಂದ ಮೇಲೆ ಅಪ್ಪ ಬಾಯಿ ಬಿಡಲೊಲ್ಲ.

"ಎದುರಿಗೆ ಹೆಣ ಇಲ್ಲ, ಏನಿಲ್ಲ. ಯಾರ ಮಾರಿ ನೋಡಿ ಹಾಡ್ಲೋ ನಾನು?"

ಸಾವಿಲ್ಲದ ಮನೆಯಲ್ಲಿ ಸತ್ತ ಮನೆಯ ಪದ ಹಾಡುವುದೇ ಅಪಶಕುನ ಎಂದು ಅವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಅಜ್ಜಿ ಆಗ ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ. ಎದ್ದು ಬಂದಳು, ದೇವರ ಮಾಡದಿಂದ ವಿಭೂತಿ ತೆಗೆದು ಹಣೆಗೆ ಮೂರು ಬೆರಳು ಎಳೆದುಕೊಂಡಳು, ಶಾಲು ಹೊದ್ದು ಗೋಡೆಗೆ ಒರಗಿ ಕಾಲು ಮಡಚಿ ಕುಳಿತು ಕಣ್ಣು ಮುಚ್ಚಿದಳು.

"ನಾನ ಹೆಣ ಅಂತ ತಿಳ್ಕೊಳ್ರಿ. ಹಾಡು, ಕೊಟ್ರ. ಸತ್ತ ಮ್ಯಾಲೆ ನೀ ಹಾಡಂಗಿಲ್ಲ, ನನಗ ಕೇಳಸಂಗಿಲ್ಲ. ಈಗರ ಕೇಳ್ತೀನಿ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಹುಸೇನಪ್ಪ ತಲೆ ತಗ್ಗಿಸಿ ನಕ್ಕ. ಅಪ್ಪ ಮಾತ್ರ ನಗಲಿಲ್ಲ. ಅವಳ ಮುಖವನ್ನು ತುಂಬ ಹೊತ್ತು ನೋಡಿದ, ಆಮೇಲೆ ಮುದುಕಿಯರಿಗೆ ಹಾಡುವ ಪದ ಎತ್ತಿಕೊಂಡ. ಸೊಸೆಯ ಕೈಗೆ ಬೀಗದ ಕೈ ಕೊಟ್ಟು, ಮೊಮ್ಮಕ್ಕಳನ್ನು ತೊಡೆಯಿಂದ ಇಳಿಸಿ, ತುಂಬಿದ ಮನೆಯಿಂದ ಬರಿಗೈಯಲ್ಲಿ ಹೊರಟವಳ ಪದ ಅದು. ಒಂದಾದ ಮೇಲೊಂದು ಹಾಡುತ್ತ ಹೋದ. ಚಹಾ ಸೋಸಿ ಎಷ್ಟೋ ಹೊತ್ತಾಗಿತ್ತು. ಒಂದು ಪದ ಮುಗಿದು ಪೇಟಿ ಇನ್ನೂ ಗುಂಯ್ ಎನ್ನುತ್ತಿದ್ದಾಗ, ಒಂಬತ್ತು ವರ್ಷದ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಗಂಟಲು ಬಿಚ್ಚಿ ಕೂಗಿದೆ.

"ಅಪ್ಪಾ, ಚಾ ಆರಾಕ ಹತ್ತೈತಿ, ಬಾ."

ಕಾಕ ನನ್ನತ್ತ ಕಣ್ಣು ಬಿಟ್ಟ. ಅಜ್ಜಿ ಕುಳಿತಲ್ಲಿಂದಲೇ ಏನೋ ಗದರಿದಳು. ಅವಳು ದಿನಕ್ಕೆ ನೂರು ಸಲ ಗದರುತ್ತಿದ್ದಳು, ನಾನು ಅದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಪ್ಪ ಮುಂದಿನ ಪದ ಎತ್ತಿದ. ಅಷ್ಟನ್ನು ಕತ್ತರಿಸಿ ತೆಗೆಯಲು ಆಗ ಕಾಕನಿಗೆ ಬರುತ್ತಿರಲಿಲ್ಲ. ಇರಲಿ ಬಿಡು, ಮನೆಯವರೇ ಕೇಳುವುದಲ್ಲ ಎಂದು ಹಾಗೇ ಬಿಟ್ಟ. ಒಂದು ದಿನ ಯಾವನೋ ಗಿರಾಕಿ, ಮನೆಯಲ್ಲಿ ಸಾವಾಗಿದೆ, ಭಜನೆಯವರು ಸಿಗಲಿಲ್ಲ ಎಂದು ಅಂಗಡಿಯ ಮುಂದೆ ಅತ್ತನಂತೆ. ಕಾಕ ಕರಗಿ ಅದನ್ನು ಅವನ ಕಾರ್ಡಿಗೆ ಹಾಕಿಕೊಟ್ಟ. ಆಮೇಲೆ ಇನ್ನೊಬ್ಬನಿಗೆ, ಮತ್ತೊಬ್ಬನಿಗೆ.

ನಮಗೆ ಇದು ಗೊತ್ತಾದದ್ದು ಮರುವರ್ಷ ಮೆಟ್ರಿಯಲ್ಲಿ. ಅವ್ವನ ಸೋದರತ್ತೆ ತೀರಿಕೊಂಡಿದ್ದಳು. ಕಂಪ್ಲಿಯಲ್ಲಿ ಬಸ್ಸು ಬದಲಿಸಿ ಇಳಿದು, ಗದ್ದೆಯ ಬದಿಗೆ ಅಪ್ಪ, ಅವ್ವ, ನಾನು ಮೂವರೂ ನಡೆಯುತ್ತಿದ್ದೆವು. ಅಪ್ಪ ನನ್ನ ಕೈ ಹಿಡಿದಿದ್ದ. ಊರು ಹತ್ತಿರ ಬಂದಂತೆ ಅಪ್ಪನ ದನಿ ಕೇಳಿಸಿತು. ನಾನು ತಲೆಯೆತ್ತಿ ನೋಡಿದೆ. ಪಕ್ಕದಲ್ಲಿದ್ದ ಅಪ್ಪ ಬಾಯಿ ಮುಚ್ಚಿಕೊಂಡಿದ್ದ. ಅವನ ದನಿ ಮಾತ್ರ ಮುಂದಿನ ಓಣಿಯೊಳಗೆ ಹಾಡುತ್ತಿತ್ತು. ಅವನ ಅಂಗೈ ಒಮ್ಮೆಲೇ ತಣ್ಣಗಾದದ್ದು ನನ್ನ ಅಂಗೈಗೆ ತಿಳಿಯಿತು. ಆ ಮನೆಯಲ್ಲಿ ಹೆಣದ ಎದುರಿಗೆ, ಭಜನೆಯವರು ಕೂರುವ ಜಾಗದಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಪೀಕರ್ ಡಬ್ಬಿ ಕುಳಿತಿತ್ತು. ಅಪ್ಪ ಚಪ್ಪಲಿ ಬಿಟ್ಟು ನೇರ ಅದರ ಹತ್ತಿರ ಹೋದ.

"ಇದನ್ನ ಬಂದ್ ಮಾಡ್ರಿ. ನಾ ಬಂದೀನಲ್ಲ, ಹಾಡ್ತೀನಿ."

ಸತ್ತವಳ ಮಗ ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ. ಭಾಳ ಮರ್ಯಾದೆಯಿಂದ ಹೇಳಿದ.

"ಬ್ಯಾಡ್ರಿ ಅಣ್ಣಾರ. ದೂರದಿಂದ ಬಂದೀರಿ, ನಿಮಗ್ಯಾಕ ತ್ರಾಸು. ಕುಂದ್ರಿ. ನಿಮ್ಮದ ಹಚ್ಚೀವಲ್ರಿ."

ಅಪ್ಪ ಕುಳಿತ. ನಾನು ಹೆಂಗಸರ ನಡುವೆ ಅವ್ವನ ಮಗ್ಗುಲಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಪದ ಮುಗಿಯಿತು, ಪೇಟಿ ಗುಂಯ್ ಎಂದಿತು, ಡಬ್ಬಿಯೊಳಗಿನಿಂದ ನಾನು ಕೂಗಿದೆ. ಅಪ್ಪಾ, ಚಾ ಆರಾಕ ಹತ್ತೈತಿ, ಬಾ. ಎಲ್ಲರೂ ಈಗ ನನ್ನನ್ನು ಹೊಡೆಯುತ್ತಾರೆ, ಹೆಣದ ಮುಂದೆ ಚಹಾಕ್ಕೆ ಕೂಗಿದವಳು ಇವಳೇ ಎನ್ನುತ್ತಾರೆ ಎಂದು ಅವ್ವನ ಸೆರಗಿನೊಳಗೆ ಮುಖ ಮುಚ್ಚಿದೆ. ಯಾರೂ ಹೊಡೆಯಲಿಲ್ಲ. ಬದಲಿಗೆ ಕೂಗು ಮುಗಿಯುವಷ್ಟರಲ್ಲೇ ಆಚೆ ಮನೆಯ ಹೆಂಗಸರು ಕೆಟಲ್ಲು, ಲೋಟ ಹಿಡಿದು ಬಂದರು. ಲೋಟಗಳ ಗದ್ದಲದಲ್ಲಿ ಮುಂದಿನ ಪದ ಶುರುವಾದದ್ದೇ ತಿಳಿಯಲಿಲ್ಲ. ನನಗೆ ಲೋಟ ಕೊಟ್ಟ ಮುದುಕಿಯನ್ನು ಅವ್ವ ಮೆಲ್ಲಗೆ ಕೇಳಿದಳು.

"ಅಷ್ಟರಾಗ ಚಾ ಯಾಕ ತಂದ್ರಿ?"

"ಆ ಹುಡುಗಿ ಕರದ್ಲಲ್ಲವ್ವ. ಆಕಿ ಕರದಾಗ ಚಾ ಕೊಡಬೇಕು. ಕಂಪ್ಲ್ಯಾಗೂ ಹಂಗ ಮಾಡ್ತಾರ, ಸಂಡೂರಾಗೂ ಹಂಗಂತ. ಪಾಪ, ಯಾರ ಮಗಳೋ ಏನೋ."

ಕಾಣದ ಮನೆಗಳಲ್ಲಿ, ಕಾಣದ ಹೆಣಗಳ ಮುಂದೆ ನಾನು ಒಂದು ವರ್ಷದಿಂದ ಕೂಗುತ್ತಲೇ ಇದ್ದೆ. ಜನ ನನ್ನ ಮಾತಿಗೆ ಎದ್ದು ಚಹಾ ಕುಡಿಯುತ್ತಿದ್ದರು. ಹತ್ತು ವರ್ಷದ ಹುಡುಗಿಗೆ ಇದನ್ನು ಎಲ್ಲಿಡಬೇಕು ಎಂದು ಹೇಗೆ ಗೊತ್ತಾಗಬೇಕು? ಅವತ್ತಿನಿಂದ ನಾನು ಮನೆಯಲ್ಲಿ ಗಟ್ಟಿಯಾಗಿ ಯಾರನ್ನೂ ಕರೆಯುವುದನ್ನೇ ಬಿಟ್ಟೆ. ಹತ್ತಿರ ಹೋಗಿ ಭುಜ ಮುಟ್ಟಿ ಹೇಳುತ್ತೇನೆ. ಈಗಲೂ ಅಷ್ಟೇ, ನನ್ನ ಮಕ್ಕಳು ಅದಕ್ಕೆ ಆಡಿಕೊಳ್ಳುತ್ತಾರೆ.

ಮನೆಗೆ ಬಂದು ಊಟಕ್ಕೆ ಕುಳಿತಾಗ ಅಪ್ಪ ರೊಟ್ಟಿ ಮುರಿಯಲಿಲ್ಲ. ಎದುರಿಗಿದ್ದ ತಮ್ಮನನ್ನೇ ನೋಡುತ್ತಿದ್ದ.

"ಎಷ್ಟು ಮಂದಿಗೆ ಕೊಟ್ಟೀಲೇ?"

"ನಾ ಕೊಟ್ಟಿದ್ದು ಹತ್ತು ಮಂದಿಗಣ್ಣ. ಅವರು ಒಬ್ಬರಿಂದ ಒಬ್ಬರಿಗೆ ಹಾಕ್ಕೊಂಡಾರ. ಅಲ್ಲ, ಬ್ಯಾಸರ ಯಾಕ? ಮೊದಲು ಚಿತ್ತವಾಡ್ಗಿಯವರಷ್ಟ ಕೇಳ್ತಿದ್ರು. ಈಗ ನಿನ್ನ ದನಿ ಎಲ್ಲಾ ಕಡೆ ಐತಿ."

"ದನಿ ಐತಿ. ನಾ ಎಲ್ಲದೀನಿ? ಆ ಡಬ್ಬಿಗೆ ಕಣ್ಣೈತೇನು, ಎದುರಿಗೆ ಕುಂತಾವ ಹುಡುಗನೋ ಮುದುಕನೋ ಅಂತ ನೋಡಾಕ? ತಗಿ ಅದನ್ನ."

"ಎಲ್ಲಿಂದ ತಗೀಲಿ?"

ಕಾಕ ಇದನ್ನು ಎದುರು ಮಾತಾಗಿ ಆಡಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮರುದಿನ ಅಂಗಡಿಯ ಕಂಪ್ಯೂಟರಿನಿಂದ ಅಳಿಸಿದ. ಅದರಿಂದ ಏನೂ ಆಗಲಿಲ್ಲ. ನಮ್ಮ ಹಂಡೆಗೆ ಮಧ್ಯಾಹ್ನದ ಉರಿ ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ಬಸಣ್ಣ ತಾತ ಪೇಟಿ ಕಟ್ಟಿಕೊಂಡು ಸಂಡೂರಿನ ಮಗಳ ಮನೆಗೆ ಹೋದ. ಹುಸೇನಪ್ಪ ತಬಲಾವನ್ನು ಯಾವುದೋ ಶಾಲೆಗೆ ಕೊಟ್ಟ. ಹಿಂದಿನ ಓಣಿಯಲ್ಲಿ ಮದುವೆಯಾಗಿ ಆರು ತಿಂಗಳಾಗಿದ್ದ ಹುಡುಗಿ ಸತ್ತಾಗಲೂ ಅದನ್ನೇ ಹಚ್ಚಿದರು. ಸೊಸೆಯ ಕೈಗೆ ಬೀಗದ ಕೈ ಕೊಟ್ಟು, ಮೊಮ್ಮಕ್ಕಳನ್ನು ತೊಡೆಯಿಂದ ಇಳಿಸಿ ಹೊರಟವಳ ಪದ. ಅಪ್ಪ ಕತ್ತರಿ ಹಿಡಿದುಕೊಂಡು ಪಡಸಾಲೆಯಲ್ಲಿ ನಿಂತು ಆ ಒಂದು ಪದವನ್ನು ಪೂರ್ತಿ ಕೇಳಿಸಿಕೊಂಡ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿತ್ತು. ಅಜ್ಜಿ ಅವತ್ತು ಕಾಕನನ್ನು ಕರೆದು ತನ್ನ ತಲೆಯ ಮೇಲೆ ಕೈ ಇಡಿಸಿಕೊಂಡಳು.

"ನನ್ನ ಮುಂದ ಆ ಡಬ್ಬಿ ಹಚ್ಚಂಗಿಲ್ಲ ಅಂತ ಆಣಿ ಮಾಡು. ಅದನ್ನ ಕೇಳೀನಿ ನಾನು. ಯಾರಾದ್ರೂ ಮನುಷ್ಯಾರು ಹಾಡ್ಲಿ. ಶ್ರುತಿ ಇಲ್ಲದಿದ್ರೂ ನಡೀತೈತಿ."

ಕಾಕ ಆಣೆ ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

ನನಗೆ ಹನ್ನೆರಡು ತುಂಬಿದ ವರ್ಷ, ಒಂದು ಬೆಳಿಗ್ಗೆ, ಅಜ್ಜಿ ಬಿಸಿ ರೊಟ್ಟಿಗೆ ತುಪ್ಪ ಕೇಳಿದವಳು ಅವ್ವ ತರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ವಿಭೂತಿ ಹಚ್ಚಿ ಅದೇ ಗೋಡೆಗೆ, ಅದೇ ಜಾಗದಲ್ಲಿ ಕೂರಿಸಿದರು. ಕಾಕ ಸಂಡೂರಿಗೆ ಫೋನು ಮಾಡಿದ. ಬಸಣ್ಣ ತಾತನಿಗೆ ದಮ್ಮು, ಏಳಲಾರ. ಹುಸೇನಪ್ಪ ಬಂದ, ಬರಿಗೈಯಲ್ಲಿ ಬಂದು ಮಷೀನಿನ ಹತ್ತಿರ ಕುಳಿತ. ಬೇರೆ ಕಡೆಯ ಭಜನೆಯವರನ್ನು ಹುಡುಕುತ್ತ, ಹಾಗೇ ಕುಣಿ ತೋಡಿಸಲೆಂದು ಕಾಕ ಹೊರಗೆ ಹೋದ. ಅಪ್ಪ ಅಜ್ಜಿಯ ಎದುರು ಕುಳಿತಿದ್ದ. ಒಂದು ಹನಿ ನೀರು ಕಣ್ಣಲ್ಲಿರಲಿಲ್ಲ, ತುಟಿ ಕಚ್ಚಿ ಹಿಡಿದಿದ್ದ. ಭಜನೆಯಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ನೆರೆಯವರಿಗೆ ಅದನ್ನು ನೋಡಲಾಗಲಿಲ್ಲ. ಪಾಪ, ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ; ಎದುರು ಮನೆಯವರು ತಮ್ಮ ಡಬ್ಬಿಯನ್ನೇ ಹೊತ್ತು ತಂದು ಪ್ಲಗ್ಗಿಗೆ ಹಾಕಿದರು. ಅಪ್ಪನ ದನಿ ಶುರುವಾಯಿತು.

ಬ್ಯಾಡ, ಕಾಕ ಆಣೆ ಮಾಡಿದ್ದಾನೆ ಎಂದು ಹೇಳಬೇಕಾದವಳು ನಾನು. ಬಾಯಿ ಬರಲಿಲ್ಲ. ಮನೆತುಂಬ ದೊಡ್ಡವರಿದ್ದರು. ಅಪ್ಪ ತಲೆ ಕೂಡ ಎತ್ತಲಿಲ್ಲ. ತನ್ನ ಅವ್ವನ ಹೆಣದ ಮುಂದೆ ಕುಳಿತು ತಾನು ಹಾಡುವುದನ್ನು ತಾನೇ ಕೇಳುತ್ತಿದ್ದ. ಒಂದು ಪದ ಆಯಿತು, ಇನ್ನೊಂದಾಯಿತು. ನನ್ನ ಕೂಗು ಬರುತ್ತದೆ ಎಂದು ನನಗೆ ಗೊತ್ತಿತ್ತು. ಪೇಟಿ ಗುಂಯ್ ಎಂದಿತು. ಅಪ್ಪಾ, ಚಾ ಆರಾಕ ಹತ್ತೈತಿ, ಬಾ.

ನಮ್ಮ ಓಣಿಯವರಿಗೆಲ್ಲ ಅದು ಯಾರ ದನಿ ಎಂದು ಗೊತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅವತ್ತು ಚಹಾಕ್ಕೆ ಯಾರೂ ಏಳಲಿಲ್ಲ, ಒಂದು ಲೋಟ ಸದ್ದು ಮಾಡಲಿಲ್ಲ. ಬೇರೆ ಎಲ್ಲ ಮನೆಗಳಲ್ಲಿ ಕೆಟಲ್ಲು ಲೋಟಗಳ ಗದ್ದಲ ಇರುತ್ತಿದ್ದ ಆ ಜಾಗದಲ್ಲಿ, ಆ ದಿನ ನಮ್ಮ ಪಡಸಾಲೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆಗ ಡಬ್ಬಿಯೊಳಗೆ, ಸ್ವಲ್ಪ ದೂರದಿಂದ, ಅಜ್ಜಿ ಮಾತಾಡಿದಳು.

"ಕರೀಬ್ಯಾಡ ಬಿಡವ್ವ. ಹಾಡ್ಲಿ ಅವ. ಚಾ ಆರಿದ್ರ ಆರ್ಲಿ."

ಅವ್ವ ಕೈಯಲ್ಲಿದ್ದ ಊದುಬತ್ತಿ ಬಿಟ್ಟಳು. ಒಬ್ಬ ಹೆಂಗಸು ಹೆಣದ ಮುಖ ನೋಡಿದಳು, ತುಟಿ ಅಲ್ಲಾಡಿತೇನೋ ಎಂಬಂತೆ. ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ. ಮೂರು ವರ್ಷದಿಂದ ಊರೂರು ತಿರುಗಿದ ಆ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಎಲ್ಲ ಕಡೆ ನನ್ನ ಕೂಗಿಗೆ ಚಹಾ ಬಂದು ಅಜ್ಜಿಯನ್ನು ಮುಚ್ಚಿಬಿಡುತ್ತಿತ್ತು. ಮುಂದಿನ ಪದದ ಮೊದಲ ಸಾಲು ಡಬ್ಬಿಯಲ್ಲಿ ಶುರುವಾಗುತ್ತಿದ್ದಂತೆ ಅಪ್ಪ ಎದ್ದ. ಪ್ಲಗ್ಗು ಕಿತ್ತ. ಮತ್ತೆ ಅಜ್ಜಿಯ ಎದುರಿಗೆ, ಈ ಸಲ ಭಜನೆಯವರು ಕೂರುವ ಜಾಗದಲ್ಲಿ ಕುಳಿತು ಅವಳ ಮುಖ ನೋಡಿದ. ಓಣಿಯ ಹಿರಿಯರೊಬ್ಬರು ಮುಂದೆ ಬಂದರು.

"ಕೊಟ್ರಪ್ಪ, ತಡಿ. ಮಗ ಆದಾವ ಹಾಡಬಾರದು. ನಮ್ಮಾಗ ಇಲ್ಲ."

"ಅವ್ವ ಹೇಳ್ಯಾಳ," ಎಂದ ಅಪ್ಪ. "ನೀವೂ ಕೇಳಿದ್ರಲ್ಲ."

ಹಿರಿಯರು ಹಿಂದೆ ಸರಿದು ಕುಳಿತರು. ಅಪ್ಪ ಹಾಡಿದ. ಪೇಟಿ ಇಲ್ಲ, ಶ್ರುತಿ ಇಲ್ಲ, ಅಳುವಿನಲ್ಲಿ ದನಿ ಒಡೆದುಹೋಗುತ್ತಿತ್ತು; ಡಬ್ಬಿಯ ಅಪ್ಪ ಇವನಿಗಿಂತ ಎಷ್ಟೋ ಚೆನ್ನಾಗಿ ಹಾಡುತ್ತಿದ್ದ. ಅದು ಆ ಫೈಲಿನಲ್ಲಿದ್ದ ಪದವೂ ಅಲ್ಲ, ನಾನು ಅದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಹುಸೇನಪ್ಪ ಹೊಲಿಗೆ ಮಷೀನಿನ ಮರದ ಡಬ್ಬಿಯನ್ನು ಎತ್ತಿ ತೊಡೆಯ ನಡುವೆ ಇಟ್ಟುಕೊಂಡು ಬೆರಳು ಆಡಿಸತೊಡಗಿದ. ಕಾಲಿಗೆ ಕುಣಿಯ ಮಣ್ಣು ಮೆತ್ತಿಕೊಂಡು ಬಂದ ಕಾಕ ಹೊಸ್ತಿಲಲ್ಲೇ ನಿಂತ. ಕಿತ್ತು ಬಿದ್ದಿದ್ದ ಪ್ಲಗ್ಗನ್ನು ನೋಡಿದ, ಅಣ್ಣನನ್ನು ನೋಡಿದ, ಗೂಟಕ್ಕೆ ತೂಗುತ್ತಿದ್ದ ತಾಳ ತೆಗೆದುಕೊಂಡು ಬಾಗಿಲ ಹೊರಗೇ ಕುಳಿತ.

ಪಕ್ಕದ ಮನೆಯಿಂದ ಚಹಾ ಬಂತು. ಒಂದು ಲೋಟ ನಾನೇ ಎತ್ತಿಕೊಂಡು ಹೋಗಿ ಅಪ್ಪನ ಮೊಣಕಾಲ ಹತ್ತಿರ ಇಟ್ಟೆ. ಅವನು ನೋಡಲಿಲ್ಲ. ಮೊದಲು ಹಬೆ ಆಡಿತು, ಆಮೇಲೆ ನಿಂತಿತು, ಆಮೇಲೆ ಕೆನೆ ಕಟ್ಟಿತು. ನಾನು ಪಕ್ಕದಲ್ಲೇ ಕುಳಿತಿದ್ದೆ, ಕರೆಯಲಿಲ್ಲ.